ನಡಿ ಅನ್ನುವ ಮೊದಲು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಬೇಕರಿಯ ಒಳಕೋಣೆಯಲ್ಲಿ ಅವಳ ಅತ್ತೆ "ಸೊಸೇ, ಹಿಟ್ಟು", "ಸೊಸೇ, ನೀರು", "ಸೊಸೇ, ಎಲ್ಲಿ ಸತ್ತೆ?" ಎಂದು ಬೆಳಗಿನಿಂದ ಸಂಜೆವರೆಗೆ ಕೂಗಿ ಕೂಗಿ, ಕೇಳಿದವರೆಲ್ಲರ ಬಾಯಲ್ಲೂ ಅದೇ ನಿಂತುಬಿಟ್ಟಿತು. ಬೇಕರಿಯ ಸಾಹುಕಾರನಿಗೂ ಅವಳು ಸೊಸೆ, ಹಾಲಿನವನಿಗೂ ಸೊಸೆ, ಬ್ರೆಡ್ಡಿಗೆ ಬರುವ ಹಲ್ಲಿಲ್ಲದ ಮುದುಕರಿಗೂ ಸೊಸೆ. ಅದೇ ಲೆಕ್ಕದಲ್ಲಿ ಅತ್ತೆ ಇಡೀ ಬೀದಿಗೇ ಅತ್ತೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಗಾದೆ ಕಟ್ಟಿದ ಪುಣ್ಯಾತ್ಮರು ಈ ಇಬ್ಬರನ್ನು ನೋಡಿರಲಿಲ್ಲ. ಇಲ್ಲಿ ಅತ್ತೆ ಸತ್ತ ಮೇಲೂ ಅತ್ತೆಯದೇ ಕಾಲ ನಡೆಯಿತು.

ಬೇಕರಿಯ ಭಟ್ಟಿ ಹಳೆಯದು, ಇಟ್ಟಿಗೆಯದು. ಒಳಗೆ ಕಟ್ಟಿಗೆ ಉರಿಸಿ, ಕೆಂಡವನ್ನೆಲ್ಲ ಹೊರಗೆಳೆದು, ಕಾದ ಇಟ್ಟಿಗೆಯ ಮೇಲೆ ಬ್ರೆಡ್ಡಿನ ಅಚ್ಚುಗಳನ್ನಿಟ್ಟು ಕಬ್ಬಿಣದ ಬಾಗಿಲು ಮುಚ್ಚಬೇಕು. ಆಮೇಲೆ ನಡುವೆ ತೆಗೆದು ಇಣುಕುವ ಹಾಗಿಲ್ಲ. ಇಣುಕಿದರೆ ಶಾಖ ಹಾರಿಹೋಗಿ ಬ್ರೆಡ್ಡು ಕುಸಿದು ಕೂತುಬಿಡುತ್ತದೆ. ಹಾಗಾದರೆ ಬೆಂದದ್ದು ಗೊತ್ತಾಗುವುದು ಹೇಗೆ? ಅತ್ತೆ ಹಾಡುತ್ತಿದ್ದಳು. ಬಾಗಿಲು ಮುಚ್ಚಿದ ಕೂಡಲೇ ಹಾಡು ಶುರು, ಹಾಡು ಮುಗಿದ ಕೂಡಲೇ ಬಾಗಿಲು ತೆಗೆಯುವುದು. ಅವಳ ತಾಯಿಯೂ ಹಾಗೇ ಬೇಯಿಸುತ್ತಿದ್ದಳಂತೆ.

ಮನೆ ಬಿಟ್ಟು ಹೊರಟ ಒಬ್ಬ ಹುಡುಗಿಯ ಹಾಡು ಅದು. ದಾರಿಯಲ್ಲಿ ಸಿಕ್ಕವರೆಲ್ಲ ಅವಳಿಗೆ ವಾಪಸು ಹೋಗು ಅನ್ನುತ್ತಾರೆ. ಕುರಿ ಕಾಯುವವನು ಹೇಳುತ್ತಾನೆ, ದೋಣಿಯವನು ಹೇಳುತ್ತಾನೆ, ಕೊನೆಗೆ ಮರದ ಮೇಲಿನ ಕಾಗೆ ಕೂಡ ಬುದ್ಧಿ ಹೇಳುತ್ತದೆ. ಪ್ರತಿ ನುಡಿಯ ಕೊನೆಗೂ ಅದೇ ಸಾಲು: "ದಾರಿ ಉದ್ದ, ಬುತ್ತಿ ಸಣ್ಣದು, ನಡಿಯೇ ಹುಡುಗಿ, ನಡಿ." ಆದರೆ ಅತ್ತೆ ಆ ಸಾಲನ್ನು ಒಂದೇ ಸಲಕ್ಕೆ ಹಾಡಿದ್ದನ್ನು ಸೊಸೆ ಕೇಳಿದ್ದೇ ಇಲ್ಲ. "ನಡಿಯೇ ಹುಡುಗಿ" ಎಂದವಳು ಭಟ್ಟಿಯ ಗೋಡೆಗೆ ಕೈ ಊರಿ ನಿಂತುಬಿಡುತ್ತಿದ್ದಳು. ಸುಮ್ಮನೆ ನಿಲ್ಲುವುದು. ಹಿಟ್ಟು ನಾದುತ್ತಿದ್ದ ಸೊಸೆಯ ಕೈಯೂ ಅಲ್ಲೇ ನಿಲ್ಲುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಮುದುಕಿಯ ಬಾಯಿಂದ ಆ "ನಡಿ" ಬರುವುದು.

ಅಬ್ಬಾ, ಆ ನಿಲ್ಲಿಸುವಿಕೆಗೆ ಸೊಸೆಗೆ ಮೈಯೆಲ್ಲ ಉರಿಯುತ್ತಿತ್ತು! ತನ್ನನ್ನು ಕಾಯಿಸಲಿಕ್ಕೇ ಬೇಕಂತ ನಿಲ್ಲಿಸುತ್ತಾಳೆ, ಹಾಡು ನನ್ನದು ಅಂತ ತೋರಿಸಿಕೊಳ್ಳುತ್ತಾಳೆ ಎಂದೇ ಅವಳ ಎಣಿಕೆ. ಒಮ್ಮೊಮ್ಮೆ ತಾನೇ ಮೆಲ್ಲಗೆ "ನಡಿ" ಎಂದು ಸಾಲು ಮುಗಿಸಿಬಿಡುತ್ತಿದ್ದಳು. ಜೊತೆಗೆ ಮುದುಕಿ ವರ್ಷದಿಂದ ವರ್ಷಕ್ಕೆ ಕಟ್ಟಿಗೆಯನ್ನೂ ಕಡಿಮೆ ಹಾಕುತ್ತ ಬಂದಿದ್ದಳು. "ಸಾಹುಕಾರ್‍ರ ಕಟ್ಟಿಗೆ ಉಳಿಸಿ ನಿಮಗೇನತ್ತೆ ಸ್ವರ್ಗ ಸಿಗುತ್ತಾ?" ಎಂದು ಸೊಸೆ ಕೆಣಕಿದರೆ, "ನಿನ್ನ ಕೆಲಸ ನೀನು ನೋಡ್ಕೊಳ್ಳೇ" ಎಂದು ಅತ್ತೆ ಕೆಮ್ಮುತ್ತ ನೀರು ಕುಡಿಯುತ್ತಿದ್ದಳು. ಕೆಮ್ಮು ಯಾಕೆ ಎಂದು ಕೇಳಿದರೆ ಮೈದಾ ಧೂಳು ಅನ್ನುವಳು. ಯಾರೂ ಎರಡನೇ ಸಲ ಕೇಳಲಿಲ್ಲ.

ಒಂದು ಮಧ್ಯಾಹ್ನ, ಕಾಗೆಯ ನುಡಿಯಲ್ಲಿ, ಅತ್ತೆ "ನಡಿಯೇ ಹುಡುಗಿ" ಎಂದು ನಿಲ್ಲಿಸಿದಳು. ಸೊಸೆ ಅವಳಿಗೆ ಬೆನ್ನು ಮಾಡಿ ಹಿಟ್ಟು ನಾದುತ್ತಿದ್ದಳು. ಅವತ್ತು ಬೆಳಿಗ್ಗೆಯೇ ಇಬ್ಬರಿಗೂ ಒಂದು ಪಾತ್ರೆಯ ವಿಷಯಕ್ಕೆ ಜಗಳವಾಗಿತ್ತು. ಕಾದಳು, ಕಾದಳು, ತಡೆಯಲಾರದೆ ತಿರುಗದೆಯೇ ಕೂಗಿದಳು: "ಎಷ್ಟು ಹೊತ್ತು ಅತ್ತೆ? ನಡಿ ಅನ್ನಿ, ನಡಿ!" ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಅತ್ತೆ ಗೋಡೆಗೆ ಒರಗಿ ಕೆಳಗೆ ಕೂತಿದ್ದಳು, ಕೈ ಮಾತ್ರ ಇನ್ನೂ ಇಟ್ಟಿಗೆಯ ಮೇಲಿತ್ತು. ಭಟ್ಟಿಯ ಒಳಗಿನ ಬ್ರೆಡ್ಡನ್ನು ಅವತ್ತು ಯಾರೂ ತೆಗೆಯಲಿಲ್ಲ.

ದೆವ್ವ ಅಂದರೆ ಪಾದ ಹಿಂದುಮುಂದಾಗಿ, ಕೂದಲು ಬಿಟ್ಟುಕೊಂಡು ಬರುತ್ತದೆ ಅಂತ ಜನ ಹೇಳುತ್ತಾರೆ. ಅಂಥದ್ದೇನೂ ಬರಲಿಲ್ಲ. ಬಂದದ್ದು ಮುಕ್ಕಾಲು ಸಾಲು. ಸೊಸೆ ನಲ್ಲಿ ತಿರುಗಿಸಿದರೆ, ಬಟ್ಟೆ ಕುಕ್ಕಿದರೆ, ಜರಡಿ ಹಿಡಿದರೆ ಕಿವಿಯ ಹತ್ತಿರವೇ ಆ ಒಣಗಿದ ದನಿ: "ದಾರಿ ಉದ್ದ, ಬುತ್ತಿ ಸಣ್ಣದು, ನಡಿಯೇ ಹುಡುಗಿ..." ಅಷ್ಟೆ. ಮುಂದಿನದ್ದು ಬರುತ್ತಿರಲಿಲ್ಲ. ಆ ಕೊನೆಯ ಮಾತನ್ನು ತಾನು ಸಾಯುವವಳ ಮೇಲೆ ಎಸೆದೆನಲ್ಲ ಎಂದು ಅವಳು ಕೊರಗಿದಳು. ಗಂಡನಿಗೂ ಹೇಳಲಿಲ್ಲ. ಮುದುಕಿ ನನ್ನನ್ನು ಕ್ಷಮಿಸಿಲ್ಲ, ಅದಕ್ಕೇ ಸಾಲು ಮುಗಿಸುತ್ತಿಲ್ಲ ಎಂದು ಒಳಗೊಳಗೇ ನಂಬಿದಳು.

ಅತ್ತ ಸಾಹುಕಾರ ಇಟ್ಟಿಗೆಯ ಭಟ್ಟಿ ಒಡೆಸಿ ಕರೆಂಟಿನ ಓವನ್ ತಂದು ಕೂರಿಸಿದ. ಬೆಂದ ಕೂಡಲೇ ಟಿಂಗ್ ಎಂದು ಗಂಟೆ ಹೊಡೆಯುವಂಥದ್ದು. "ಇನ್ಮೇಲೆ ಹಾಡು ಗೀಡು ಏನೂ ಬೇಡ ಸೊಸೇ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ, ಇಷ್ಟು ವರ್ಷ ಕೇಳಿ ಕೇಳಿ ನನ್ನ ತಲೆ ಕೆಟ್ಟಿತ್ತು" ಎಂದು ನಕ್ಕ. ಸೊಸೆ ಹಾಡದೆ ಟ್ರೇ ಇಟ್ಟಳು. ಆದರೆ ಕಿವಿಯೊಳಗಿನ ಹಾಡಿಗೆ ಸಾಹುಕಾರನ ಅಪ್ಪಣೆ ಬೇಕೇ? ಓವನ್ನಿನ ಬಾಗಿಲು ಮುಚ್ಚಿದರೆ ಇಡೀ ಹಾಡೇ ಮೊದಲಿನಿಂದ ತಾನಾಗಿ ಶುರುವಾಗುವುದು. ದೋಣಿಯವನ ನುಡಿಗೆ ಬರುವಷ್ಟರಲ್ಲಿ ಟಿಂಗ್. ದಿನಾ ಹೀಗೇ. ಹುಡುಗಿ ಹೊಳೆಯ ದಡಕ್ಕೆ ಬರುತ್ತಾಳೆ, ಗಂಟೆ ಹೊಡೆಯುತ್ತದೆ, ಅಲ್ಲೇ ನಿಲ್ಲುತ್ತಾಳೆ. ಆ ಹುಡುಗಿಯನ್ನು ಹೀಗೆ ದಿನಾ ದಡದಲ್ಲಿ ನಿಲ್ಲಿಸುವುದು ಸೊಸೆಯಿಂದ ಆಗಲಿಲ್ಲ.

ಒಂದು ದಿನ ಟಿಂಗ್ ಎಂದಾಗ ಅವಳು ಟ್ರೇ ತೆಗೆಯಲಿಲ್ಲ. ಹಿಟ್ಟಾಗದಂತೆ ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ಮೊಳೆಗೆ ನೇತುಹಾಕಿದಳು.

"ಎಲ್ಲಿಗಮ್ಮಾ?" ಎಂದ ಸಾಹುಕಾರ.

"ಮನೆಗೆ. ನಮ್ಮತ್ತೆ ಹಿತ್ತಲಲ್ಲಿ ಕಟ್ಟಿರೋ ಭಟ್ಟಿ ಇದೆ. ನಾನೇ ಬ್ರೆಡ್ ಮಾಡಿ ಮಾರ್ತೀನಿ."

"ಮತ್ತೆ ಇದನ್ನ ಯಾರು ತೆಗೀತಾರೆ?"

"ಗಂಟೆ ಇದೆಯಲ್ಲ, ಅದಕ್ಕೇ ಹೇಳಿ."

ಸಾಹುಕಾರ ಕೆಟ್ಟವನಲ್ಲ, ಆದರೆ ನಗು ಕೆಟ್ಟದು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಬೇಡ. ನಾಲ್ಕು ದಿನ ಆಟ ಆಡಿ ಬಾ, ಬಾಗಿಲು ತೆರೆದೇ ಇರುತ್ತೆ" ಎಂದ.

ಹಿತ್ತಲ ಭಟ್ಟಿಯ ಕಥೆ ಇಷ್ಟು: ಅತ್ತೆ ಅದನ್ನು ರಜೆಯ ದಿನಗಳಲ್ಲಿ, ಒಡೆದ ಇಟ್ಟಿಗೆ ಹೊತ್ತು ತಂದು, ಬೇಕರಿಯ ಭಟ್ಟಿಯ ಅಳತೆಯಲ್ಲೇ ಕಟ್ಟಿದ್ದಳು. ನಮ್ಮದೇ ಅಂಗಡಿ ಇಡಬೇಕು ಅನ್ನುತ್ತಿದ್ದಳು. ಯಾವಾಗ ಎಂದರೆ ನಾಳೆ. ಆ ನಾಳೆ ಬರಲೇ ಇಲ್ಲ, ಬೆಕ್ಕು ಬಂದು ಅದರೊಳಗೆ ಬಾಣಂತನ ಮಾಡಿಕೊಂಡು ಹೋಯಿತು. ಬಾಯಿಯ ಪಕ್ಕದ ಮಣ್ಣಿನ ಗಿಲಾವಿನಲ್ಲಿ ಅತ್ತೆಯ ಅಂಗೈ ಅಚ್ಚು ಆಳವಾಗಿ ಒತ್ತಿಕೊಂಡಿತ್ತು. ಹಸಿ ಮಣ್ಣಿನ ಮೇಲೆ ಚಂದಕ್ಕೆ ಒತ್ತಿದ್ದಾಳೆ ಎಂದು ಸೊಸೆ ಅಂದುಕೊಂಡಿದ್ದಳು. ಈಗ ಅದರ ಕಡೆ ನೋಡದೆಯೇ ಓಡಾಡುತ್ತಿದ್ದಳು.

"ತಲೆ ಕೆಟ್ಟಿದೆಯೇನೇ ನಿಂಗೆ?" ಎಂದ ಗಂಡ. ಅವನದು ಸೈಕಲ್ ರಿಪೇರಿ, ಬೀದಿಯ ತುದಿಯಲ್ಲಿ. "ಅಮ್ಮನ ಕೈಲೇ ಆಗಿಲ್ಲ."

"ನಿಮ್ಮಮ್ಮ ಸುಮ್ಮನೆ ಬಿಡ್ತಿಲ್ಲ ಕಣ್ರೀ ನನ್ನ. ಕಿವೀಲಿ ಕೂತು ನಡಿಯೇ ಹುಡುಗಿ, ನಡಿಯೇ ಹುಡುಗಿ ಅಂತಾರೆ. ಎಲ್ಲಿಗೆ ನಡೀಲಿ? ಇಲ್ಲಿಗೇ ನಡೆದಿದ್ದೀನಿ."

ಅವನು ಗ್ರೀಸು ಮೆತ್ತಿದ ಕೈ ಒರೆಸಿಕೊಂಡು ಹಿತ್ತಲಿಗೆ ಹೋಗಿ ಭಟ್ಟಿಯೊಳಗೆ ಇಣುಕಿ ಬಂದ. ಮರುದಿನ ತಾನೇ ಭಟ್ಟಿಯೊಳಗೆ ತೂರಿ ಬೂದಿ, ಬೆಕ್ಕಿನ ಕೂದಲು ಎಲ್ಲ ಗುಡಿಸಿ ತೆಗೆದ. ಮನೆಯ ಮುಂದಿನ ಕೋಣೆಯ ಕಿಟಕಿ ತೆಗೆದು ಅದಕ್ಕೊಂದು ಹಲಗೆ ಬಡಿದು ಅಂಗಡಿ ಮಾಡಿಕೊಟ್ಟ. ಬ್ರೆಡ್ಡು ಇಳಿಸುವ ಹೊತ್ತಿಗೆ ತನ್ನ ಕೆಲಸ ಬಿಟ್ಟು ಬಂದು ಹಲಗೆಯ ಹಿಂದೆ ನಿಲ್ಲುತ್ತೇನೆ ಎಂದೂ ಒಪ್ಪಿಕೊಂಡ.

ಸೊಸೆ ಅತ್ತೆ ಹಾಕುತ್ತಿದ್ದಷ್ಟೇ ಕಟ್ಟಿಗೆ ಹಾಕಿದಳು, ಅತ್ತೆ ಎಳೆಯುತ್ತಿದ್ದ ಹಾಗೇ ಕೆಂಡ ಎಳೆದಳು, ಬಾಗಿಲು ಮುಚ್ಚಿ ಅತ್ತೆಯ ಹಾಡನ್ನು ಮೊದಲಿನಿಂದ ಕೊನೆಯವರೆಗೆ, ಒಂದು ನುಡಿಯನ್ನೂ ಬಿಡದೆ ಹಾಡಿದಳು. ಒಂದೇ ವ್ಯತ್ಯಾಸ. ಆ "ನಡಿ" ಬಂದಾಗ ಅವಳಿಗೆ ಭಯ. ಕಾಲಿಗೆ ಕೆಂಡ ತಾಗಿದವರ ಹಾಗೆ ಎಲ್ಲೂ ನಿಲ್ಲದೆ ಅದನ್ನು ದಾಟಿಕೊಂಡು ಓಡುತ್ತಿದ್ದಳು.

ಬ್ರೆಡ್ಡು ಹೊರಗೆ ಚೆನ್ನಾಗಿ ಕಂಡಿತು. ಬೀದಿಯೆಲ್ಲ ಕೊಂಡುಕೊಂಡಿತು. ಸಂಜೆಗೆ ರಿಟೈರ್ ಆದ ಮೇಷ್ಟ್ರೊಬ್ಬರು ಅರ್ಧ ಬ್ರೆಡ್ಡು ಹಿಡಿದು ಬಂದರು. ನಡುವೆ ಹಸಿ ಹಿಟ್ಟು ಚಾಕುವಿಗೆ ಅಂಟಿಕೊಂಡಿತ್ತು. "ಸೊಸೇ, ಇದನ್ನ ತಿನ್ನಬೇಕೇನಮ್ಮಾ, ಗೋಡೆಗೆ ಪೋಸ್ಟರ್ ಅಂಟಿಸಬೇಕಾ?" ಎಂದರು. ಕಿಟಕಿಯ ಮುಂದಿದ್ದವರೆಲ್ಲ ನಕ್ಕರು. ಸೊಸೆಯೂ ನಕ್ಕಳು, ಒಳಗೆ ಹೋಗಿ ಅತ್ತಳು.

ಮರುದಿನವೂ ಹಸಿ. ಕಟ್ಟಿಗೆ ಜಾಸ್ತಿ ಹಾಕಿ ನೋಡಿದಳು: ಮೇಲೆ ಕರಕಲು, ಒಳಗೆ ಅದೇ ಅಂಟು. ಕೊಳ್ಳುವವರು ಒಬ್ಬೊಬ್ಬರಾಗಿ ಸಾಹುಕಾರನ ಬೇಕರಿಯ ಕಡೆಗೆ ತಿರುಗಿದರು. ಯಾರ ಮೇಲೂ ಸಿಟ್ಟು ಮಾಡುವ ಹಾಗಿಲ್ಲ, ಹಸಿ ಹಿಟ್ಟನ್ನು ಪ್ರೀತಿಗೆ ಎಷ್ಟು ದಿನ ತಿಂದಾರು? ಮತ್ತೆ ಆ ಮೊಳೆಯಿಂದ ಬಟ್ಟೆ ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಮತ್ತೆ ಟಿಂಗ್ ಕೇಳಬೇಕು ಎಂದು ನೆನೆದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಮುದುಕಿ ಬಾ ಬಾ ಎಂದು ಕರೆದು ತಂದು, ತನ್ನ ಭಟ್ಟಿಯ ಮುಂದೆ ನಿಲ್ಲಿಸಿ ಸೇಡು ತೀರಿಸಿಕೊಳ್ಳುತ್ತಿದ್ದಾಳೆ!

"ನಾಳೆ ಒಂದು ಸಲ ನೋಡ್ತೀನಿ ರೀ. ಆಗ್ಲಿಲ್ಲ ಅಂದ್ರೆ ಸಾಹುಕಾರ್‍ರ ಹತ್ರ ಹೋಗಿಬಿಡ್ತೀನಿ" ಎಂದಳು ಗಂಡನಿಗೆ. ಅವನು ತಲೆಯಾಡಿಸಿದ.

ಮರುದಿನ ಅತ್ತೆಯ ಅಳತೆಯಷ್ಟೇ ಕಟ್ಟಿಗೆ ಹಾಕಿದಳು. ಬಾಗಿಲು ಮುಚ್ಚಿದಳು. ಕುರಿಯವನ ನುಡಿ ಹಾಡಿ "ನಡಿಯೇ ಹುಡುಗಿ" ಎಂದಳು, ಮುಂದೆ ಹೋಗಲಿಲ್ಲ. ಇಷ್ಟು ದಿನ ಓಡಿ ದಾಟಿದ ಮಾತು ಇವತ್ತು ಅಡ್ಡ ನಿಂತಿತು. ಅಳು ಒತ್ತರಿಸಿ ಬಂದು, ಉಸಿರು ಸಿಗದೆ, ಬೀಳುತ್ತೇನೆ ಎಂದು ಗೋಡೆಗೆ ಕೈ ಊರಿದಳು. ಅಂಗೈ ಸರಿಯಾಗಿ ಆ ಅಚ್ಚಿನೊಳಗೆ ಹೋಗಿ ಕೂತಿತು. ಮಣ್ಣು ಬೆಚ್ಚಗಿತ್ತು.

ಹಾಗೇ ನಿಂತಳು. ಉಸಿರು ಬಂದ ಮೇಲೆ "ನಡಿ" ಎಂದಳು. ದೋಣಿಯವನ ನುಡಿಗೂ ಹಾಗೇ ಆಯಿತು, ಕಾಗೆಯ ನುಡಿಗೂ. ಹಾಡು ಮುಗಿಯುವ ಹೊತ್ತಿಗೆ ಬ್ರೆಡ್ಡು ಸುಟ್ಟು ಕರಕಲಾಗಿದೆ, ಹೋಗಲಿ ಎಂದು ಮೂಗು ಒರೆಸಿಕೊಳ್ಳುತ್ತ ಬಾಗಿಲು ತೆಗೆದಳು. ಬ್ರೆಡ್ಡು ಹೊಂಬಣ್ಣಕ್ಕೆ ಉಬ್ಬಿ ನಿಂತಿತ್ತು. ಮುರಿದಳು. ಒಳಗೆ ಹತ್ತಿಯಷ್ಟು ಮೆತ್ತಗೆ, ಒಂದು ಚೂರೂ ಹಸಿಯಿಲ್ಲ.

ಗಂಡ ಒಂದು ತುಂಡು ಬಾಯಿಗಿಟ್ಟುಕೊಂಡವನು ಅಗಿಯುವುದನ್ನು ಮರೆತ. "ಇದು ಅಮ್ಮನ ಬ್ರೆಡ್ಡು ಕಣೇ. ಏನ್ ಮಾಡ್ದೆ?"

"ಅತ್ತೆ ಥರ ನಿಲ್ಲಿಸಿ ನಿಲ್ಲಿಸಿ ಹಾಡ್ದೆ. ನಿಮ್ಮಮ್ಮ ಮೊದಲಿಂದ್ಲೂ ಹಾಗೇ ನಿಲ್ಲಿಸ್ತಿದ್ರಾ?"

"ಇಲ್ಲಪ್ಪ. ನಾನು ಚಿಕ್ಕವನಾಗಿದ್ದಾಗ ಗಾಳಿ ಹಾಗೆ ಹಾಡೋಳು. ಬೆಂಕೀನೂ ಹಾಗೇ ಜೋರಾಗಿ ಹಾಕೋಳು."

ಸೊಸೆ ಭಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಈಗ ಎಲ್ಲ ಒಂದೊಂದಾಗಿ ತಿಳಿಯಿತು. ಮೈದಾ ಧೂಳು ಕುಡಿದು ಕುಡಿದು ಮುದುಕಿಯ ಎದೆ ಕಟ್ಟಿತ್ತು. ಹಾಡಿನ ನಡುವೆ ಉಸಿರಿಗೆ ನಿಲ್ಲಬೇಕಾಯಿತು. ನಿಂತಷ್ಟೂ ಹಾಡು ಉದ್ದವಾಯಿತು. ಬ್ರೆಡ್ಡು ಸುಡಬಾರದೆಂದು ವರ್ಷ ವರ್ಷವೂ ಬೆಂಕಿಯನ್ನು ಇಳಿಸುತ್ತ ಬಂದಳು, ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಸಾಹುಕಾರ ಮನೆಗೆ ಕಳಿಸುತ್ತಿದ್ದ. ಸೊಸೆ ಕಲಿತದ್ದು ಆ ಕಡಿಮೆ ಬೆಂಕಿ. ಹಾಡಿದ್ದು ಮಾತ್ರ ಗಟ್ಟಿ ಎದೆಯ ಹಾಡು. ಗಿಲಾವಿನ ಅಂಗೈ ಅಚ್ಚೂ ಚಂದಕ್ಕೆ ಒತ್ತಿದ್ದಲ್ಲ. ಇಟ್ಟಿಗೆ ಹೊತ್ತು ಬಂದವಳು ಹಸಿ ಮಣ್ಣೆಂದೂ ನೋಡದೆ ಉಸಿರಿಗಾಗಿ ಅಲ್ಲೇ ಆತುಕೊಂಡಿದ್ದಳು.

"ಅಯ್ಯೋ ಅತ್ತೆ, ಉಸಿರು ಸಿಗ್ತಿಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ? ನಾನು ಪಾಪಿ, ನಡಿ ನಡಿ ಅಂದೆನಲ್ಲ!" ಎಂದು ಸೊಸೆ ಗೋಡೆಗೆ ತಲೆ ಇಟ್ಟು ಅತ್ತಳು. ಗಂಡನಿಗೆ ಅವತ್ತು ಗೊತ್ತಾಯಿತು ಅತ್ತೆಗೆ ಅವಳು ಹೇಳಿದ ಕೊನೆಯ ಮಾತು. ಅವನು ಬೈಯಲಿಲ್ಲ. "ನಾನು ಮಗ ಆಗಿ ಕೇಳಲಿಲ್ಲ, ನೀನೇನು ಕೇಳ್ತೀಯ" ಎಂದು ತಾನೂ ಅತ್ತ.

ಆಮೇಲೆ ಬೀದಿ ಮೆಲ್ಲಗೆ ಕಿಟಕಿಗೆ ವಾಪಸು ಬಂತು. ಮೇಷ್ಟ್ರು ಪೋಸ್ಟರಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಎರಡು ಬ್ರೆಡ್ಡು ಕೊಂಡರು. ಕಾಯುವವರಿಗೆ ಹಾಡು ಬಾಯಿಪಾಠವಾಗಿದೆ. ಒಳಗೆ ಸೊಸೆ "ನಡಿಯೇ ಹುಡುಗಿ" ಎಂದು ನಿಲ್ಲಿಸಿದರೆ ಹೊರಗಿನಿಂದ ಯಾರೋ ತುಂಟರು "ನಡಿ!" ಎಂದು ಕೂಗುತ್ತಾರೆ. "ನಮ್ಮತ್ತೆ ಹೇಳೋ ತನಕ ಬಾಯಿ ಮುಚ್ಕೊಂಡು ನಿಂತ್ಕೊಳ್ರೋ, ಇಲ್ಲಾಂದ್ರೆ ಬ್ರೆಡ್ಡಿಲ್ಲ!" ಎಂದು ಒಳಗಿನಿಂದ ಬೈಗುಳ ಬರುತ್ತದೆ. ಅವಳು ತಮಾಷೆ ಮಾಡುತ್ತಾಳೆ ಎಂದು ಜನ ನಗುತ್ತಾರೆ. ಆದರೆ ಆ ಸುಮ್ಮನಿರುವ ಹೊತ್ತಿನಲ್ಲಿ, ಅಂಗೈ ಅಚ್ಚಿನೊಳಗೆ ಕೈಯಿಟ್ಟಾಗ, ತನ್ನ ಪಕ್ಕದಲ್ಲೇ ಯಾರೋ ಕಷ್ಟಪಟ್ಟು ಉಸಿರೆಳೆಯುವುದು ಅವಳಿಗೆ ಕೇಳಿಸುತ್ತದೆ. ಆ ಉಸಿರು ಒಳಗೆ ಹೋದ ಮೇಲೆಯೇ ಅವಳು ಬಾಯಿ ತೆರೆಯುವುದು. ಈಗ ಅವಳಿಗೆ ಭಯವಿಲ್ಲ, ದುಃಖವಿದೆ.

ಭಯವೆಲ್ಲ ಗಂಡನ ಪಾಲಿಗೆ ಬಂದಿದೆ. ಹಿಟ್ಟು ಜರಡಿ ಹಿಡಿಯುವ ಮುಂಚೆ ಅವನೇ ಒದ್ದೆ ಬಟ್ಟೆಯನ್ನು ಅವಳ ಮೂಗು ಬಾಯಿಗೆ ಬಿಗಿಯಾಗಿ ಕಟ್ಟುತ್ತಾನೆ. ಹಾಡಿನಲ್ಲಿ ಆ ಜಾಗ ಬಂತೆಂದರೆ ಹಲಗೆಯ ಮುಂದೆ ನಿಂತವರನ್ನು ಹಾಗೇ ಬಿಟ್ಟು ಒಳಗೆ ಬರುತ್ತಾನೆ. ಹಿತ್ತಲ ಬಾಗಿಲ ಚೌಕಟ್ಟು ಹಿಡಿದು, ಗೋಡೆಗೆ ಕೈ ಊರಿದ ಅವಳ ಬೆನ್ನನ್ನೇ ನೋಡುತ್ತ ನಿಲ್ಲುತ್ತಾನೆ. ಅವಳು "ನಡಿ" ಅಂದ ಮೇಲೆಯೇ ಅಂಗಡಿಗೆ ಹೋಗುತ್ತಾನೆ.