ಕಾಲರಿನ ಮೇಲಿನ ಎಂಜಲು

ಎಂಜಲು ಯಾರದೆಂದು ಡಿಎನ್‌ಎ ಪರೀಕ್ಷೆ ಹೇಳುತ್ತದೆ. ಅದು ಅಲ್ಲಿಗೆ ಹೇಗೆ ಬಂತೆಂದು ಹೇಳುವುದಿಲ್ಲ. ಇಷ್ಟೂ ಗೊತ್ತಿಲ್ಲದ ಜನ ನಮ್ಮ ಮೂಲೆಯಂಗಡಿಯ ಇಸ್ತ್ರಿಯವನನ್ನು ತೀರ್ಪಿಗೆ ಮೊದಲೇ ಕೊಲೆಗಾರ ಮಾಡಿ ಕೈತೊಳೆದುಕೊಂಡಿದ್ದಾರೆ.

ಕೊಲೆಯಾದವನು ಔಷಧಿ ಅಂಗಡಿಯ ಮಾಲೀಕ. ಸುಟ್ಟುಹೋದ ಅಂಗಿತೋಳಿನ ಸಲುವಾಗಿ ಇಬ್ಬರಿಗೂ ಹಿಂದೆ ಬೀದಿಜಗಳವಾಗಿತ್ತು. ಸತ್ತವನ ಕಾಲರಿನಲ್ಲಿ ಇಸ್ತ್ರಿಯವನ ಎಂಜಲು ಸಿಕ್ಕಿತು. ಪೊಲೀಸರಿಗೆ ಇನ್ನೇನು ಬೇಕು?

ನ್ಯಾಯಾಲಯದಲ್ಲಿ ಪ್ರಯೋಗಾಲಯದ ಮೇಡಂ ಡಿಎನ್‌ಎ ನಕ್ಷೆ ಬಿಚ್ಚಿ, ಏರಿಳಿಯುವ ಗೆರೆಗಳ ಮೇಲೆ ಬೆರಳಾಡಿಸಿದರು. ಕಟಕಟೆಯಲ್ಲಿದ್ದ ಇಸ್ತ್ರಿಯವನಿಗೆ ಅದು ಮುದುಡಿದ ಬಟ್ಟೆಯಂತೆ ಕಂಡಿತು.

"ಇದು ಇವನದೇ ತಾನೇ? ಹೌದಾ, ಇಲ್ವಾ?" ಸರ್ಕಾರಿ ವಕೀಲ ಗದರಿದ.

"ಹೊಂದುತ್ತೆ. ಬೇರೆಯವರದಾಗೋ ಸಾಧ್ಯತೆ ತೀರಾ ಕಡಿಮೆ. ಆದ್ರೆ ಅಲ್ಲಿಗೆ ಹೇಗೆ..."

"ಕೇಳಿದ್ದಕ್ಕಷ್ಟೇ ಹೇಳಿ ಮೇಡಂ! ಗುದ್ದಾಡುವಾಗ ಉಗಿದಿದ್ದಾನೆ, ಮುಗೀತು."

ಇಸ್ತ್ರಿಯವನು ತಿರುಗಿ ಹೆಂಡತಿಯತ್ತ ನೋಡಿದ. ಅಂಗಡಿಯಲ್ಲಿ ನೀರು ಚಿಮುಕಿಸುವ ಬಾಟಲಿ ನೇತಾಡುತ್ತಿದ್ದದ್ದು ಬರೀ ತೋರಿಕೆಗೆ. ಗಿರಾಕಿ ಬೆನ್ನು ತಿರುಗಿಸಿದ ಕೂಡಲೇ ಅವನು ಬಾಯ್ತುಂಬ ನೀರು ತುಂಬಿಕೊಂಡು ಬಟ್ಟೆಯ ಮೇಲೆ ಫುರ್ರೆಂದು ಊದುತ್ತಿದ್ದ. ಅಪ್ಪ ಕಲಿಸಿದ್ದೇ ಹಾಗೆ. ಪೊಲೀಸರಿಗೂ ಬಾಟಲಿಯೆಂದೇ ಹೇಳಿದ್ದ. ನಿಜ ಹೇಳಿದರೆ ಯಾರು ಬಟ್ಟೆ ಕೊಟ್ಟಾರು?

ಹಿಂದಿನ ಬೆಂಚಿನಿಂದ ಹೆಂಡತಿ ಎದ್ದೇಬಿಟ್ಟಳು. "ಹೇಳ್ರೀ! ಅಂಗಡಿ ಮುಚ್ಚಿಹೋಗ್ಲಿ, ನೀವು ಮನೆಗೆ ಬಂದ್ರೆ ಸಾಕು!"

"ಏನದು? ಹೇಳು," ಎಂದರು ನ್ಯಾಯಾಧೀಶರು.

"ಬಾಯಿಂದಲೇ ನೀರು ಚಿಮುಕಿಸ್ತಿದ್ದೆ ಸ್ವಾಮಿ. ಜಗಳ ಆದ್ಮೇಲೂ ಅವರು ಬಟ್ಟೆ ನನಗೇ ಕೊಡ್ತಿದ್ರು. ಅವರು ಸತ್ತ ದಿನ ಆ ಅಂಗೀನೂ ನಾನೇ ಇಸ್ತ್ರಿ ಮಾಡಿದ್ದು."

"ಆಗ ಬಾಟಲಿ, ಈಗ ಬಾಯಿ. ನಾಳೆ ಮೂಗು ಅಂತಾನೆ!" ವಕೀಲನ ಮಾತಿಗೆ ಎಲ್ಲರೂ ಗೊಳ್ಳೆಂದರು.

"ಥೂ, ಇಷ್ಟು ವರ್ಷ ನಾವು ಹಾಕ್ಕೊಂಡಿದ್ದು ಎಂಜಲಂಗೀನಾ?" ಎಂದು ಅವನ ಹಳೇ ಗಿರಾಕಿಯೊಬ್ಬ ಕಾಲರು ಎಳೆದುಕೊಂಡ. ಎದುರಿಗೊಬ್ಬನ ಜೀವ ಹೋಗುತ್ತಿದೆ, ಇವನಿಗೆ ಕಾಲರಿನ ಚಿಂತೆ!

ನ್ಯಾಯಾಧೀಶರು ಮಾತ್ರ ನಗಲಿಲ್ಲ. "ಹಾಗಿದ್ರೆ ಇವನು ಇಸ್ತ್ರಿ ಮಾಡಿದ ಬೇರೆ ಬಟ್ಟೆಯಲ್ಲೂ ಸಿಗಬೇಕಲ್ಲ ಮೇಡಂ?"

"ಒಗೀದೆ ಇಟ್ಟಿದ್ರೆ ಸಿಗಬಹುದು. ಸಿಕ್ಕರೆ ಇವರ ಮಾತಿಗೆ ಆಧಾರ ಆಗುತ್ತೆ."

ಮುಂದಿನ ವಿಚಾರಣೆಯವರೆಗೆ ಕಾಲಾವಕಾಶ ಸಿಕ್ಕಿತು. ಹೆಂಡತಿ ಮನೆಮನೆಯ ಬಾಗಿಲು ತಟ್ಟಿದಳು. "ಕೋರ್ಟು ಕಚೇರಿ ಎಲ್ಲ ನಮಗೆ ಬೇಡಮ್ಮ," ಎಂದರು ಕೆಲವರು. ಎದುರುಮನೆಯಾಕೆ ಬೀರುವಿನಲ್ಲಿದ್ದ ಬಟ್ಟೆಯನ್ನೆಲ್ಲ ಅವಳ ಕಣ್ಣೆದುರೇ ಬಕೆಟ್ಟಿಗೆ ತುರುಕಿ ನೀರು ಬಿಟ್ಟಳು.

ನಿಮ್ಮ ಬೀರು ತೆಗೆಯಿರಿ. ಅವನ ಕೈಯಿಂದ ಬಂದು ಇನ್ನೂ ಮಡಿಕೆ ಬಿಚ್ಚದ ಅಂಗಿ ಇದ್ದರೆ ಒಗೆಯಬೇಡಿ, ನ್ಯಾಯಾಲಯಕ್ಕೆ ತಂದೊಪ್ಪಿಸಿ. ಹೇಸಿಗೆಯಾದರೆ ಮೂಗು ಮುಚ್ಚಿಕೊಂಡು ತನ್ನಿ. ಆದರೆ ತನ್ನಿ.