ದೊಡ್ಡಮ್ಮನ ಅನುಮಾನ

ಯಾವುದನ್ನು ನೋಡುವಾಗಲೂ ದೊಡ್ಡಮ್ಮನ ಎಡಗಣ್ಣು ಕಿರಿದಾಗುತ್ತಿತ್ತು. ಹಾಲಿನವನ ಹಾಲು, ಕೊಣನೂರು ಸಂತೆಯ ಸೊಪ್ಪು, ಮದುವೆಗೆ ಮುಂಚೆ ನನ್ನ ಗಂಡ, ಎಲ್ಲರನ್ನೂ ಎಲ್ಲವನ್ನೂ ಅವಳು ಹಾಗೆಯೇ ನೋಡಿದ್ದಳು.

ಅಮ್ಮನಿಲ್ಲದ ನಾನು ಬಸುರಿಯಾಗಿ ಅವಳ ಮನೆಗೆ ಹೋದಾಗ ಆ ಕಣ್ಣು ನನ್ನ ಇನ್‌ಹೇಲರ್ ಮೇಲೆ ಬಿತ್ತು. ಚಿಕ್ಕಂದಿನಿಂದ ನನಗೆ ಉಬ್ಬಸ.

"ಬಸ್ರೀಲಿ ಆ ಪಂಪ್ ಒಡ್ಕತೀಯಲ್ಲ, ಮಗ ಎಂಗವ್ವ ತಡ್ಕತದೆ?"

"ಡಾಕ್ಟ್ರೇ ಹೇಳಿದಾರೆ ದೊಡ್ಡಮ್ಮ."

"ಏಳ್ತಾರೆ. ಅವ್ರಿಗೇನು?"

ಅವಳ ಲೆಕ್ಕದಲ್ಲಿ ಮೊಸರು ಶೀತ, ಬಾಳೆಹಣ್ಣು ಕಫ, ಮೊಟ್ಟೆ ಉಷ್ಣ. ನನ್ನ ತಟ್ಟೆಯಲ್ಲಿ ಉಳಿದದ್ದು ಮುದ್ದೆ ಮತ್ತು ಮೆಣಸಿನ ಸಾರು. ನನಗೂ ಅನುಮಾನ ಹತ್ತಿತು. ಇದು ಅಕ್ಕರೆಯೋ, ನಾನು ಬಂದದ್ದೇ ಅವಳಿಗೆ ಹೊರೆಯಾಯಿತೋ? ಒಂದು ಬೆಳಿಗ್ಗೆ ಇನ್‌ಹೇಲರ್ ಕಾಣೆಯಾಯಿತು. ಕೇಳಿದರೆ, "ನಾನೆಲ್ಲಿ ಕಂಡೆ" ಎಂದಳು, ನನ್ನ ಮುಖ ನೋಡದೆ.

ಅವತ್ತೇ ಮಧ್ಯಾಹ್ನ ಹಿತ್ತಲಲ್ಲಿ ಹುರುಳಿ ಬಡಿಯುವಾಗ ಎದ್ದ ಧೂಳು ಒಳಗೆ ನುಗ್ಗಿತು. ಉಸಿರು ಸಿಗದೆ ಗೋಡೆ ಹಿಡಿದು ಕುಸಿದೆ. ದೊಡ್ಡಮ್ಮ ಓಡಿಹೋಗಿ ಅಕ್ಕಿ ಡಬ್ಬಕ್ಕೆ ಕೈಹಾಕಿ ಇನ್‌ಹೇಲರ್ ತೆಗೆದಳು. ನನ್ನ ಬಾಯಿಗೆ ಹಿಡಿದಳು. "ಎಳ್ಕೊ ಮಗಾ, ಎಳ್ಕೊ."

ನೆರೆಯವರ ಕಾರಿನಲ್ಲಿ ಹಾಸನಕ್ಕೆ ಹೋದೆವು. ಚಿಕಿತ್ಸೆ ಕೊಟ್ಟ ಡಾಕ್ಟರಮ್ಮ ದೊಡ್ಡಮ್ಮನನ್ನು ಕೂರಿಸಿಕೊಂಡು ಹೇಳಿದರು: "ತಾಯಿಗೆ ಉಸಿರು ಸಾಲದಿದ್ರೆ ಮಗೂಗೂ ಸಾಲಲ್ಲ. ಔಷಧಿ ನಿಲ್ಲಿಸ್ಬೇಡಿ. ಬರೀ ಅನುಮಾನಕ್ಕೆ ಊಟಾನೂ ಬಿಡಿಸ್ಬೇಡಿ. ಯಾವುದು ತಿಂದ್ರೆ ನಿಜವಾಗ್ಲೂ ತೊಂದರೆ ಆಗುತ್ತೋ ಅದನ್ನ ಮಾತ್ರ ಬಿಡ್ಲಿ."

ದೊಡ್ಡಮ್ಮ ನಂಬಲಿಲ್ಲ. ಹೊರಗೆ ಬಂದು ನರ್ಸನ್ನು ಕೇಳಿದಳು, ಔಷಧಿ ಅಂಗಡಿಯವರನ್ನು ಕೇಳಿದಳು, ಕೊನೆಗೆ ಬೇರೆ ಆಸ್ಪತ್ರೆಯ ಡಾಕ್ಟರನ್ನೂ ಕೇಳಿದಳು. ಎಲ್ಲರದೂ ಒಂದೇ ಮಾತು.

"ಇಷ್ಟು ಜನ ಸೇರ್ಕಂಡು ಒಂದೇ ಸುಳ್ಳು ಏಳಾಕಾಗಲ್ಲ ಬುಡು" ಎಂದು ಗೊಣಗಿದಳು.

ಅಲ್ಲಿಂದ ಅವಳ ಅನುಮಾನ ಬೇರೆ ಕಡೆ ತಿರುಗಿತು. ಮೊಸರು ಬಡಿಸಿ ನನ್ನ ಬೆನ್ನಿಗೆ ಕಿವಿಯಿಟ್ಟು ಕೇಳಿದಳು. ಮರುದಿನ ಬಾಳೆಹಣ್ಣು, ಆಮೇಲೆ ಮೊಟ್ಟೆ. ಯಾವುದರಿಂದಲೂ ತೊಂದರೆಯಾಗಲಿಲ್ಲ. "ಆ ಪಂಪ್ ಬುಡ್ಸು" ಎಂದ ನೆರೆಯವಳಿಗೆ, "ನೀನ್ಯಾವಾಗ ಡಾಕ್ಟ್ರಾದೆ ಕಣಮ್ಮಿ?" ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸಿದಳು. ತಿಂಗಳು ತುಂಬಿ, ಮಗಳು ಹುಟ್ಟಿದಳು.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡಳು. ನಾನು ಹೋದಾಗ ಅವಳ ತಲೆಯ ಬಳಿ ದೀಪವಿತ್ತು, ಊದುಬತ್ತಿ ಇರಲಿಲ್ಲ. ಬಂಧುವೊಬ್ಬರು ಹಚ್ಚಲು ಹೊರಟರು. ಅವಳ ಹಿರಿಮಗ ನನ್ನತ್ತ ನೋಡಿ ಅವರ ಕೈ ತಡೆದ.

"ಬ್ಯಾಡಿ. 'ನಾ ಸತ್ತಾಗ ಆ ಮಗ ಬತ್ತದೆ, ಒಗೆ ಆಕ್ಬ್ಯಾಡ್ರಿ' ಅಂತ ಅವ್ವ ಏಳ್ಬುಟ್ಟು ಓಗವ್ಳೆ."

ನಾನು ಅವಳ ಕಾಲ ಬಳಿ ಕುಳಿತು ಮನಸಾರೆ ಅತ್ತೆ. ಉಸಿರು ಕಟ್ಟಲಿಲ್ಲ.