ಹನ್ನೊಂದು ಹೆಂಗಸರು, ಒಂದೇ ಫೋನ್ ನಂಬರು

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಆದರೂ ಕಂಪ್ಯೂಟರು ನಮ್ಮ ಕನ್ನಡ ಕಲಿತದ್ದರಲ್ಲಿ ನನ್ನ ಗಂಟಲೂ ಇದೆ.

ದೇವನೂರಿನಿಂದ ಬಸ್ಸಿನಲ್ಲಿ ನಂಜನಗೂಡಿಗೆ ಹೋಗಿ, ಹೆಂಗಸರ ಸಂಘದ ಕೋಣೆಯಲ್ಲಿ ಕೂತು ಮಾತು ರೆಕಾರ್ಡ್ ಮಾಡುತ್ತಿದ್ದೆ. ನಾವು ಹನ್ನೊಂದು ಹೆಂಗಸರು. ನಾಟಿಯ ಮಾತು, ಒಕ್ಕಣೆಯ ಮಾತು, ಬೈಗುಳ, ಎಲ್ಲ. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಕೇಳಿ ಸರಿಯೋ ತಪ್ಪೋ ಗುರುತು ಹಾಕಬೇಕು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಲಿ ಎಂದು ಮಾಡುತ್ತಿದ್ದ ಕೆಲಸ ಅದು. ಎಲ್ಲವೂ ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ ಇರುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ತಿ. ನರಸೀಪುರದ ಒಬ್ಬ ಟೀಚರಮ್ಮ. ಕರೆಂಟು ಹೋದರೆ ಬರುವ ತನಕ ಎಲೆ ಅಡಿಕೆ ಹಾಕುತ್ತಿದ್ದೆವು.

ಕೆಲಸ ಶುರು ಮಾಡಿಸಿದವನು ಮೈಸೂರಿನವನು. ಅವನಿಗೆ ಹಾಗೆ ಕರೆಂಟಿಗೆ ಕಾಯಲು ಆಗಲಿಲ್ಲ.

"ಎಲ್ಲಾನೂ ಒಂದು ದೊಡ್ಡ ಕಂಪನಿಯೋರ ಸರ್ವರ್‌ಗೆ ಹಾಕ್ಬಿಡೋಣ ಅಜ್ಜಿ. ಅಲ್ಲಿ ಕರೆಂಟೇ ಹೋಗಲ್ಲ. ಫ್ರೀ ಬೇರೆ."

"ಬೀಗದ ಕೈ ಯಾರ್ ತಾವ ಇರ್ತದಪ್ಪ?"

ನಕ್ಕುಬಿಟ್ಟ.

ಅಲ್ಲಿ ಸೇರಲು ಫೋನ್ ನಂಬರು ಬೇಕು. ಸ್ವಂತ ಫೋನಿದ್ದವಳು ಕವಲಂದೆಯವಳೊಬ್ಬಳೇ. ಮಿಕ್ಕವರದು ಗಂಡನ ಜೇಬಿನಲ್ಲೋ ಸೊಸೆಯ ಕೈಯಲ್ಲೋ ಇರುತ್ತದೆ. ಹನ್ನೊಂದು ಜನಕ್ಕೂ ಅವಳ ನಂಬರನ್ನೇ ಕೊಟ್ಟೆವು. ಗ್ಯಾಸ್ ಸಿಲಿಂಡರ್ ಬರೆಸುವಾಗಲೂ ಹಾಗೇ ಕೊಟ್ಟು ಅಭ್ಯಾಸ. ಅವನೇ ಪಕ್ಕದಲ್ಲಿ ನಿಂತು ಬರೆಸಿದ.

ಎರಡು ತಿಂಗಳಿಗೆ, ಇದು ಒಬ್ಬನೇ ಕಳ್ಳ ಹಾಕಿದ ಹನ್ನೊಂದು ವೇಷ ಎಂದು ಕಂಪನಿಯ ಯಂತ್ರ ಬಗೆದು ನಮ್ಮನ್ನು ಹೊರಗಿಟ್ಟು ಬಾಗಿಲು ಹಾಕಿತು. ನಮ್ಮ ಮಾತೆಲ್ಲ ಒಳಗೇ. ದೂರು ಬರೆದರೆ ಉತ್ತರ ಕೊಡುವುದೂ ಯಂತ್ರವೇ. ಅವನು ನಮ್ಮ ಪರ ಬಾಯಿ ಬಿಡಲಿಲ್ಲ. ಮೈಸೂರಿನ ಒಂದು ಸಭೆಯಲ್ಲಿ, "ಹಳ್ಳಿ ಹೆಂಗಸರು ಸುಳ್ಳು ಖಾತೆ ಮಾಡಿ ಕೆಡಿಸಿದರು" ಎಂದನಂತೆ. ಟೀಚರಮ್ಮ ಕೇಳಿಸಿಕೊಂಡು ಬಂದು ಹೇಳಿದಳು. ಅವತ್ತೇ ತೀರ್ಮಾನ ಮಾಡಿದೆ, ಇವನನ್ನು ಸುಮ್ಮನೆ ಬಿಡಬಾರದು.

ಟೀಚರಮ್ಮ ಹಳೆಯ ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿರಲಿಲ್ಲ. ಆ ಎರಡು ತಿಂಗಳಿನದನ್ನು ಮಾತ್ರ ಮತ್ತೆ ಹೇಳಿದೆವು. ಅಷ್ಟರಲ್ಲಿ ನಮ್ಮಲ್ಲೊಬ್ಬಳು ಸತ್ತಿದ್ದಳು. ಅವಳ ಪಾಲಿನದು ಹೋಯಿತು.

ಈ ಸಲ ರೂಲು ನನ್ನದು. ನಂಬರು ಬೇಡ. ಹೊಸಬರು ಕೋಣೆಗೆ ಬಂದು ಚಾಪೆಯ ಮೇಲೆ ಕೂರಬೇಕು. ನಮ್ಮಲ್ಲಿ ಇಬ್ಬರು "ಇವರನ್ನ ಬಲ್ಲೆ" ಎಂದರೆ ಟೀಚರಮ್ಮ ನಮ್ಮ ಕಂಪ್ಯೂಟರಿನ ಪಾಸ್‌ವರ್ಡ್ ಕೊಡುತ್ತಾಳೆ.

ಕಂಪನಿಯವರು ಸರ್ವರಿನಲ್ಲಿ ಬಿಟ್ಟಿಯಾಗಿ ಜಾಗ ಕೊಡುವುದನ್ನು ನಿಲ್ಲಿಸಿದ ಮೇಲೆ ಮೈಸೂರಿನವನು ಬಂದ.

"ಹಳೇದೆಲ್ಲ ಬಿಡಿ ಅಜ್ಜಿ. ನನಗೂ ಒಂದು ಪಾಸ್‌ವರ್ಡ್ ಕೊಡಿಸಿ."

"ಮಾತ್ ಬೇಕಾದ್ರೆ ಅಷ್ಟೂ ತಕ್ಕೊಂಡೋಗಪ್ಪ, ಯಾರ್ಗೂ ಇಲ್ಲ ಅನ್ನಕಿಲ್ಲ. ಒಳೀಕ್ ಬರ್ಬೇಕಾದ್ರೆ ಚಾಪೆ ಮ್ಯಾಲೆ ಕೂತ್ಕೊ."

ಬಿಗಿ ಪ್ಯಾಂಟಿನಲ್ಲಿ ಮಂಡಿ ಮಡಚಲು ಒದ್ದಾಡಿ ಕೂತ.

"ಇವರ್ನ ಯಾರ್ ಬಲ್ಲಿರವ್ವ?" ಎಂದೆ.

ಕವಲಂದೆಯವಳು ಅವನನ್ನೇ ನೋಡುತ್ತ, "ಸುಳ್ ಖಾತೆಯೋರ್ ಮಾತ್ಗೆ ಏನ್ ಬೆಲೆ ಬುಡಿ" ಎಂದಳು.

ಟೀಚರಮ್ಮ "ಬಲ್ಲೆ" ಎನ್ನಲು ಬಾಯಿ ತೆರೆದಳು. ನಾನು ಅವಳತ್ತ ನೋಡಿದೆ, ಮುಚ್ಚಿಕೊಂಡಳು. ಅವನು ಮಧ್ಯಾಹ್ನದ ತನಕ ಕೂತಿದ್ದು, ಮಾತುಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದ. ಅವನು ಒಳಗಿದ್ದರೆ ಕೆಲಸ ಬೇಗ ಆಗುತ್ತಿತ್ತು, ನನಗೆ ಗೊತ್ತು. ನಿಧಾನವೇ ಆಗಲಿ. ಮುಂದಿನ ತಿಂಗಳೂ ಬಂದ. ಚಾಪೆ ಹಾಸಿ ಕೂರಿಸಿ ಮತ್ತೆ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ.